ಗೌರಿಬಿದನೂರು ರೇಡಿಯೊಹೀಲಿಯೊಗ್ರಾಫ್

ಗೌರಿಬಿದನೂರು ರೇಡಿಯೊಹೀಲಿಯೊಗ್ರಾಫ್ ಸೂರ್ಯನ ಹೊರ ವಾತಾವರಣವಾದ ಕರೋನಾವನ್ನು ರೇಡಿಯೊ ತರಂಗಗಳಲ್ಲಿ ಚಿತ್ರಿಸುವ ದೂರದರ್ಶಕ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯು ಇದನ್ನು 1997ರಿಂದ ನಡೆಸುತ್ತಿದೆ.

ಬರಿಗಣ್ಣಿಗೆ ಕರೋನಾ ಕಾಣುವುದು ಪೂರ್ಣ ಸೂರ್ಯಗ್ರಹಣದಲ್ಲಿ ಮಾತ್ರ. ರೇಡಿಯೊ ತರಂಗಗಳಲ್ಲಿ ಅದನ್ನು ಪ್ರತಿದಿನ, ಮೋಡ ಕವಿದಿದ್ದರೂ, ವೀಕ್ಷಿಸಬಹುದು. ಕರೋನಾದಿಂದ ಸಿಡಿದ ಪ್ಲಾಸ್ಮಾ ಭೂಮಿಯನ್ನು ತಲುಪಲು ಸಾಮಾನ್ಯವಾಗಿ 1ರಿಂದ 3 ದಿನ ಬೇಕು. ಅದರಿಂದೇಳುವ ಭೂಕಾಂತೀಯ ಬಿರುಗಾಳಿಯು ವಿದ್ಯುತ್ ಜಾಲ ಹಾಗೂ ಜಿಪಿಎಸ್ ಸೇವೆಗೆ ಅಡ್ಡಿಪಡಿಸಬಲ್ಲದು. ಸ್ಫೋಟದ ರೇಡಿಯೊ ಸಂಕೇತವಾದರೋ ಸುಮಾರು 8 ನಿಮಿಷಗಳಲ್ಲಿ ಬಂದು ಸೇರುತ್ತದೆ. ಮುನ್ನೆಚ್ಚರಿಕೆಗೆ ದೊರೆಯುವ ಕಾಲಾವಕಾಶ ಈ ಅಂತರವೇ.

ಸೂರ್ಯಾಸ್ತದ ನಂತರದ ಸ್ಫೋಟಗಳು ಇಲ್ಲಿ ದಾಖಲಾಗುವುದಿಲ್ಲ. 2024ರ ಜನವರಿ 6ರಂದು ಎಲ್1 ಬಿಂದುವಿನ ಸುತ್ತಲಿನ ಕಕ್ಷೆಯನ್ನು ಸೇರಿದ ಇಸ್ರೋದ ಆದಿತ್ಯ-ಎಲ್1 ನೌಕೆಯು ಸೂರ್ಯನನ್ನು ಅಡೆತಡೆಯಿಲ್ಲದೆ ವೀಕ್ಷಿಸಬಲ್ಲದು.