ವರ್ಣತಂತುಗಳ ತುದಿಯ ಚತುಷ್ಕಬಂಧವೂ ರಾಸಾಯನಿಕ ವಿಕಾರಗಳೂ

ಜೀವಕೋಶದ ವರ್ಣತಂತುಗಳ ತುದಿಗೆ ಟೆಲೊಮಿಯರ್ ಎಂದು ಹೆಸರು. ಅಲ್ಲಿಯ ಡಿಎನ್‌ಎ ಒಂದೇ ಪಾಠವನ್ನು ಆವೃತ್ತಿ ಮಾಡುತ್ತಿರುತ್ತದೆ. ಮನುಷ್ಯರಲ್ಲಿ ಆ ಪಾಠವು ಎರಡು ಥೈಮಿನ್, ಒಂದು ಅಡಿನೀನ್, ಮೂರು ಗ್ವಾನೀನ್ ಎಂಬ ಷಡಕ್ಷರಿಯೆಂದು 1988ರಲ್ಲಿ ನಿರ್ಣಯವಾಯಿತು. ಗ್ವಾನೀನ್ ಹೆಚ್ಚಾಗಿರುವ ಇಂತಹ ಎಳೆಯು ಪ್ರಸಿದ್ಧವಾದ ಜೋಡಿಸುರುಳಿಯನ್ನು ಬಿಟ್ಟು ಬೇರೊಂದು ಬಗೆಯಾಗಿಯೂ ಮಡಿಚಿಕೊಳ್ಳಬಲ್ಲುದು. ಅದೆಂತೆಂದರೆ, ನಾಲ್ಕು ಗ್ವಾನೀನುಗಳು ಸೇರಿ ಒಂದು ಚೌಕವಾಗುವುವು. ಅಂತಹ ಚೌಕಗಳು ಒಂದರ ಮೇಲೊಂದು ಕುಳಿತು, ನಡುವೆ ಪೊಟ್ಯಾಸಿಯಂ ಅಥವಾ ಸೋಡಿಯಂ ಅಯಾನು ನೆಲಸಿ, ಚತುಷ್ಕವೇರ್ಪಡುವುದು. ಚೌಕದ ಕಲ್ಪನೆಯನ್ನು ಗೆಲರ್ಟ್, ಲಿಪ್ಸೆಟ್, ಡೇವೀಸ್ ಎಂಬವರು 1962ರಲ್ಲಿಯೇ ಮುಂದಿಟ್ಟಿದ್ದರು.

ಈ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಆಕೃತಿಯನ್ನು ಮೊದಲು ವರ್ಣಿಸಿ, ರಾಸಾಯನಿಕ ವಿಕಾರವನ್ನು ಅದಕ್ಕೊದಗುವ ಕೇಡೆಂದು ಕೊನೆಗೆ ಸೇರಿಸುವರು. ಈ ಕ್ರಮವು ಸಾಧುವಲ್ಲ. ಡಿಎನ್‌ಎಯ ಚತುಷ್ಕಕ್ಕೆ ವಿಕಾರವೇ ಮೊದಲ ಸಾಕ್ಷಿಗಳಲ್ಲೊಂದು. ಡೈಮೀಥೈಲ್ ಸಲ್ಫೇಟ್ ಎಂಬ ದ್ರವ್ಯವು ಗ್ವಾನೀನಿನ ಏಳನೆಯ ಸ್ಥಾನದ ನೈಟ್ರೊಜನ್ನಿಗೆ ಮೀಥೈಲನ್ನು ಅಂಟಿಸುತ್ತದೆ. ಜೋಡಿಸುರುಳಿಯಲ್ಲಿ ಆ ನೈಟ್ರೊಜನ್ ಬಿಡುವಾಗಿರುವುದರಿಂದ ಮೀಥೈಲ್ ತಗಲುತ್ತದೆ. ಚತುಷ್ಕದಲ್ಲಿಯಾದರೋ ಅದು ನೆರೆಯ ಗ್ವಾನೀನನ್ನು ಹಿಡಿದಿರುವುದರಿಂದ ತಗಲದು. 1988ರಲ್ಲಿ ಹಾರ್ವರ್ಡಿನ ಸೇನ್ ಮತ್ತು ಗಿಲ್ಬರ್ಟರು ಕಂಡುದು ಈ ತಗಲದಿರುವಿಕೆಯನ್ನೇ. ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಸ್ವೀಕರಿಸಿದ ಭಾಟ್ಟಮೀಮಾಂಸಕರಿಗೆ ಈ ಯುಕ್ತಿ ಹೊಸದೆನಿಸುತ್ತಿರಲಿಲ್ಲ. ಮರುವರ್ಷ ಟೆಲೊಮಿಯರಿನ ಎಳೆಗಳಲ್ಲಿಯೂ ಅದೇ ಬಂಧವು ಪ್ರತಿಪಾದಿತವಾಯಿತು.

ಬೀಜಕೋಶಗಳು ಹುಟ್ಟುವ ವಿಭಜನೆಯಲ್ಲಿ ವರ್ಣತಂತುಗಳು ಜೊತೆಗೂಡಲು ಚತುಷ್ಕವೇ ನೆರವಾಗಬಹುದೆಂದು ಸೇನ್–ಗಿಲ್ಬರ್ಟರು ಊಹಿಸಿದ್ದರು. ಈ ಊಹೆಗೆ ಪುಷ್ಟಿಯೊದಗಿದುದು ಕನ್ನಡನಾಡಿನಿಂದ ಎಂಬುದು ಗಮನಾರ್ಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಮುನಿಯಪ್ಪನವರೂ ಅವರ ಸಹಕಾರಿಗಳೂ, ಯೀಸ್ಟಿನಲ್ಲಿ ಆ ವಿಭಜನೆಗೇ ಮೀಸಲಾದ ಹಾಪ್1 ಎಂಬ ಪ್ರೋಟೀನು ಚತುಷ್ಕವನ್ನು ಹಿಡಿಯುವುದಲ್ಲದೆ ಅದರ ರಚನೆಯನ್ನು ತ್ವರೆಗೊಳಿಸುವುದೆಂದು 2000ದಲ್ಲಿ ಪ್ರಕಟಿಸಿದರು.

ಮಾನವ ಟೆಲೊಮಿಯರಿನ ಆಕೃತಿಯ ವಿಷಯದಲ್ಲಿ ವಿವಾದವಿತ್ತು. ಸೋಡಿಯಂ ದ್ರಾವಣದಲ್ಲಿ 1993ರಲ್ಲಿ ಕಂಡುದು ಒಂದು, ಪೊಟ್ಯಾಸಿಯಂ ಕೂಡಿದ ಹರಳಿನಲ್ಲಿ 2002ರಲ್ಲಿ ಕಂಡುದು ಮತ್ತೊಂದು. ಪೊಟ್ಯಾಸಿಯಂ ದ್ರಾವಣದಲ್ಲಿ ಎಳೆಯು ಒಂದೇ ರೂಪದಲ್ಲಿ ನಿಲ್ಲದು. ಜಪಾನಿನ ವಿದ್ವಾಂಸರು ಗ್ವಾನೀನಿನ ಎಂಟನೆಯ ಸ್ಥಾನದಲ್ಲಿ ಬ್ರೋಮಿನನ್ನಿರಿಸಿ, ಒಂದು ರೂಪವನ್ನು ನಿಲ್ಲಿಸಿ, 2007ರಲ್ಲಿ ಅದರ ರಚನೆಯನ್ನು ವಿವರಿಸಿದರು. ಹೀಗೆ ಕಟ್ಟಿ ನಿಲ್ಲಿಸಿದ ರೂಪವು ಸಹಜವೇ ಎಂಬ ಶಂಕೆ ನ್ಯಾಯವಾದುದೇ. ಆದರೆ ಬ್ರೋಮಿನಿಲ್ಲದ ಎಳೆಗಳಲ್ಲಿಯೂ ಅದೇ ಮಡಿಕೆಯು 2006ರಲ್ಲಿ ತೋರಿಬಂದಿತ್ತಾದ್ದರಿಂದ ಶಂಕೆಯು ನಿಲ್ಲಲಾರದು.

ಅದೇ ಎಂಟನೆಯ ಸ್ಥಾನಕ್ಕೆ ದೇಹದಲ್ಲಿ ತಾನಾಗಿಯೇ ಆಮ್ಲಜನಕವು ಸೇರುವುದುಂಟು. ಆಗ ಏಳನೆಯ ನೈಟ್ರೊಜನ್ ಜಲಜನಕವನ್ನು ಹೊತ್ತು ನೆರೆಯ ಹಿಡಿತವನ್ನು ಕಳೆದುಕೊಳ್ಳುತ್ತದೆ, ಚತುಷ್ಕವು ಸಡಿಲವಾಗುತ್ತದೆ. ಇದನ್ನು ಕೇವಲ ಹಾನಿಯೆಂದೆಣಿಸುವಂತಿಲ್ಲ. ಎಳೆಯಲ್ಲಿ ಮೊದಲೇ ಇರುವ ಈ ವಿಕಾರವು ಮಡಿಕೆಯನ್ನು ಬಿಚ್ಚಿ, ತುದಿಯನ್ನು ಬೆಳೆಸುವ ಟೆಲೊಮರೇಸಿಗೆ ಅನುಕೂಲವಾಗುವುದೆಂದೂ, ಹೊಸದಾಗಿ ಸೇರಬೇಕಾದ ಗ್ವಾನೀನೇ ವಿಕೃತವಾಗಿದ್ದರೆ ಬೆಳವಣಿಗೆಯು ಅಲ್ಲಿಯೇ ನಿಲ್ಲುವುದೆಂದೂ 2016ರಲ್ಲಿ ಪ್ರಯೋಗದಿಂದ ಸಿದ್ಧವಾಯಿತು.