ಯುನಿಕ್ಸ್ ಗಣಕದ ಕಾಲವಲಯ: ಒಂದು ಚಾರಿತ್ರಿಕ ಟಿಪ್ಪಣಿ

ಶಾಸನಗಳ ಕಾಲನಿರ್ಣಯದಲ್ಲಿ ತೊಡಗಿದವರಿಗೆ ಒಂದು ತೊಡಕು ಚಿರಪರಿಚಿತ. ನಮೂದಾದ ಶಕವರ್ಷ ಗತವೋ ವರ್ತಮಾನವೋ ಎಂಬುದು ತಿಳಿಯದಿದ್ದರೆ ಲೆಕ್ಕ ಒಂದು ವರ್ಷ ಹಿಂದುಮುಂದಾಗುತ್ತದೆ. ಅಲ್ಲಿ ಸಂಖ್ಯೆ ತಪ್ಪಿರುವುದಿಲ್ಲ. ಅದನ್ನು ಓದುವ ಪದ್ಧತಿ ತಪ್ಪಿರುತ್ತದೆ. ಗಣಕಯಂತ್ರದ ಗಡಿಯಾರದಲ್ಲಿಯೂ ಇಂಥದೇ ತೊಡಕಿದೆಯೆಂಬುದು ನನಗೆ ಅನುಭವದಿಂದ ತಿಳಿಯಿತು.

ಕೆಲವು ವರ್ಷಗಳ ಹಿಂದೆ ಓಲೆಗರಿ ಪ್ರತಿಯೊಂದರ ಪಾಠವನ್ನು ನಾವಿಬ್ಬರು ಎರಡು ಗಣಕಗಳಲ್ಲಿ ಸಿದ್ಧಪಡಿಸುತ್ತಿದ್ದೆವು. ಬೆಳಿಗ್ಗೆ 10.30ಕ್ಕೆ ನಾನು ತಿದ್ದಿ ಉಳಿಸಿದ ಕಡತವನ್ನು ನನ್ನ ಯುನಿಕ್ಸ್ ಗಣಕವು ಹಿಂದಿನ ರಾತ್ರಿ 11.30ರದೆಂದು ತೋರಿಸಿತು. ಅದನ್ನೇ ದಾಖಲೆ ಪುಸ್ತಕಕ್ಕೆ ಇಳಿಸಿದ್ದರಿಂದ, ಪರಿಷ್ಕೃತ ಪಾಠವೇ ಹಳೆಯದೆನಿಸಿ ತ್ಯಾಜ್ಯವಾಗುವುದರಲ್ಲಿತ್ತು.

ಯುನಿಕ್ಸ್ ತನ್ನೊಳಗೆ ಸ್ಥಳೀಯ ಸಮಯವನ್ನು ಇಟ್ಟುಕೊಳ್ಳುವುದಿಲ್ಲ. 1970ರ ಜನವರಿ 1ರ ಮೊದಲ ಕ್ಷಣದಿಂದ, ವಿಶ್ವಸಮಯದ ಪ್ರಕಾರ, ಸೆಕೆಂಡುಗಳನ್ನು ಎಣಿಸುತ್ತದೆ. ಆ ಎಣಿಕೆಯನ್ನು ನಮ್ಮ ಗಂಟೆಗಳಾಗಿ ಓದಿಸುವುದು ಕಾಲವಲಯದ ನಿಯಮ. ಆ ನಿಯಮವನ್ನು ಕೈಯಿಂದ ಬರೆಯುವ ಹಳೆಯ ಪದ್ಧತಿಯಲ್ಲಿ ಗ್ರೀನಿಚ್‌ನ ಪಶ್ಚಿಮಕ್ಕೆ ಧನಚಿಹ್ನೆ, ಪೂರ್ವಕ್ಕೆ ಋಣಚಿಹ್ನೆ. ಭಾರತಕ್ಕೆ ಋಣ 5.30 ಎಂದು ಬರೆಯಬೇಕಿದ್ದಲ್ಲಿ ನಾನು ಧನ 5.30 ಎಂದು ಬರೆದಿದ್ದೆ. ಐದೂವರೆ ಗಂಟೆ ಎರಡು ಬಾರಿ ತಪ್ಪಿ, ಹನ್ನೊಂದು ಗಂಟೆಯ ಅಂತರ ಬಿದ್ದಿತ್ತು.

ಇಂತಹ ಪ್ರಮಾದಕ್ಕೆ ಎಡೆಗೊಡದ ಮಾರ್ಗವೆಂದರೆ ನಗರದ ಹೆಸರಿನಿಂದ ವಲಯವನ್ನು ಸೂಚಿಸುವುದು. ನಮಗೆ ಅದು 'ಏಷ್ಯಾ/ಕೋಲ್ಕತಾ'. ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಆರಂಭಿಸಿ, ಪಾಲ್ ಎಗರ್ಟ್ ಬೆಳೆಸಿದ ಕಾಲವಲಯ ದತ್ತಸಂಚಯ ಇದರ ಆಕರ. 2008ರವರೆಗೆ ಅದರಲ್ಲಿದ್ದ ಹೆಸರು 'ಏಷ್ಯಾ/ಕಲ್ಕತ್ತಾ'. ಹಳೆಯ ಹೆಸರು ಪರ್ಯಾಯವಾಗಿ ಇಂದಿಗೂ ಸಲ್ಲುತ್ತದೆ. 2011ರಲ್ಲಿ ಜ್ಯೋತಿಷ ತಂತ್ರಾಂಶದ ಸಂಸ್ಥೆಯೊಂದು ತನ್ನ ಗ್ರಂಥದ ಮಾಹಿತಿಯನ್ನು ಬಳಸಲಾಗಿದೆಯೆಂದು ಮೊಕದ್ದಮೆ ಹೂಡಿ, ಮರುವರ್ಷ ಹಿಂತೆಗೆದುಕೊಂಡಿತು.

ಸಂಶೋಧಕರಿಗೆ ಈ ದತ್ತಸಂಚಯ ಮುಖ್ಯವಾಗುವುದು ಅದು ಗತಕಾಲವನ್ನೂ ಬಲ್ಲದೆಂಬ ಕಾರಣಕ್ಕೆ. ರೈಲ್ವೆಗಳು ಅನುಸರಿಸುತ್ತಿದ್ದ ಮದರಾಸು ಸಮಯ ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ 10 ಸೆಕೆಂಡು ಮುಂದಿತ್ತು. 1906ರಲ್ಲಿ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದ ಭಾರತೀಯ ಪ್ರಮಾಣ ಸಮಯ ಬಂದಿತು. ಯುದ್ಧಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಗಡಿಯಾರಗಳು ಆರೂವರೆ ಗಂಟೆ ಮುಂದಿದ್ದವು. 1943ರ ತಂತಿಯೊಂದರ ವೇಳೆಯನ್ನು ಇಂದಿನ ಐದೂವರೆ ಗಂಟೆಯಿಂದ ಪರಿವರ್ತಿಸಿದರೆ ಒಂದು ಗಂಟೆ ತಪ್ಪುತ್ತದೆ. ಆದರೂ ಒಂದು ಎಚ್ಚರಿಕೆ ಅಗತ್ಯ: ಭಾರತಕ್ಕೆಲ್ಲ ಇರುವುದು ಈ ಒಂದೇ ನಮೂದು. 1906ರ ಅನಂತರವೂ ದಶಕಗಳ ಕಾಲ ತನ್ನದೇ ಸಮಯವನ್ನು ಉಳಿಸಿಕೊಂಡಿದ್ದ ಮುಂಬಯಿಯ ದಾಖಲೆಗಳಿಗೆ ಅದು ಸಾಲದು.

ವಲಯವನ್ನು ಸರಿಪಡಿಸಿದೊಡನೆ ನನ್ನ ಗಣಕದ ಕಡತಗಳೆಲ್ಲ ನಿಜವಾದ ವೇಳೆಯನ್ನು ತೋರಿದವು, ಏಕೆಂದರೆ ಒಳಗಿನ ಎಣಿಕೆ ಎಂದೂ ಕೆಟ್ಟಿರಲಿಲ್ಲ. ವಲಯ ತಪ್ಪಿದ್ದಾಗ ಗಡಿಯಾರವನ್ನೇ ತಿರುಗಿಸುವವರು ಆ ಎಣಿಕೆಯನ್ನೂ ಕೆಡಿಸುತ್ತಾರೆ. ಕೈಬರಹದ ದಾಖಲೆ ಪುಸ್ತಕವನ್ನು ಮಾತ್ರ ಸಾಲುಸಾಲಾಗಿ ತಿದ್ದಬೇಕಾಯಿತು. ಅಂದಿನಿಂದ ಪ್ರತಿಯೊಂದು ವೇಳೆಯ ಪಕ್ಕದಲ್ಲಿ ಅದು ಯಾವ ವಲಯದ್ದೆಂದು ಬರೆಯುವ ರೂಢಿ ಮಾಡಿಕೊಂಡಿದ್ದೇನೆ.