ಎಲ್ ಎದ್ರೂಸ್, ಸಯ್ಯದ್ ಅಹ್ಮದ್ (1899–1962)

ಹೈದರಾಬಾದ್ ಸಂಸ್ಥಾನದ ಕೊನೆಯ ಸೇನಾಧಿಪತಿ. ಅರೇಬಿಯದ ಹದ್ರಮೌತ್ ಮೂಲದ ಸಯ್ಯದ್ ಮನೆತನದವನು. ತಾರುಣ್ಯದಲ್ಲಿಯೇ ನಿಜಾಮರ ಅಶ್ವದಳವಾದ ಹೈದರಾಬಾದ್ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಸೇರಿ, ಎರಡು ಮಹಾಯುದ್ಧಗಳ ಕಾಲದಲ್ಲಿಯೂ ಸೇವೆ ಸಲ್ಲಿಸಿ, ಮೇಜರ್ ಜನರಲ್ ಪದವಿಗೇರಿದನು.

ಸೈನ್ಯದ ಹಿನ್ನೆಲೆ: ಈತನ ವೃತ್ತಿಜೀವನವನ್ನು ಅರಿಯಬೇಕಾದರೆ ಹೈದರಾಬಾದೆಂಬ ಒಂದೇ ಹೆಸರು ಹೊತ್ತ ಎರಡು ಸೈನ್ಯಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ, ಇವೆರಡನ್ನೂ ಒಂದೆಂದೇ ಬಗೆಯುವ ಪ್ರಮಾದ ಹಲವೆಡೆ ಕಾಣುತ್ತದೆ. ಬ್ರಿಟಿಷ್ ಅಧಿಕಾರಿಗಳ ಅಧೀನದಲ್ಲಿದ್ದು, ಯಾವುದರ ವೆಚ್ಚಕ್ಕಾಗಿ ನಿಜಾಮರು 1853ರಲ್ಲಿ ಬೀರಾರ್ ಪ್ರಾಂತವನ್ನೇ ಒಪ್ಪಿಸಬೇಕಾಯಿತೋ ಆ ಹೈದರಾಬಾದ್ ಕಂಟಿಂಜೆಂಟು 1903ರಲ್ಲಿ ಭಾರತೀಯ ಸೇನೆಯಲ್ಲಿ ಲೀನವಾಯಿತು. ಅದರ ಕಾಲಾಳು ಪಡೆಗಳು ಮುಂದೆ 19ನೆಯ ಹೈದರಾಬಾದ್ ರೆಜಿಮೆಂಟಾಗಿ, 1945ರಲ್ಲಿ ಕುಮಾವೂಂ ರೆಜಿಮೆಂಟೆಂಬ ನಾಮಾಂತರ ಪಡೆದವು. ಕೊಡಗಿನ ಜನರಲ್ ತಿಮ್ಮಯ್ಯನವರು ಸೇವೆ ಸಲ್ಲಿಸಿದುದು ಆ ರೆಜಿಮೆಂಟಿನಲ್ಲಿ. ಎದ್ರೂಸನ ಪರಂಪರೆ ಬೇರೆ. 1887ರಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನನು ವಾಯವ್ಯ ಗಡಿಯ ರಕ್ಷಣೆಗಾಗಿ 60 ಲಕ್ಷ ರೂಪಾಯಿ ಕೊಡಲು ಮುಂದಾದುದರಿಂದ ಪ್ರೇರಿತವಾದ ಯೋಜನೆಯಂತೆ, ಸಂಸ್ಥಾನಗಳು ತಮ್ಮ ಅಧಿಕಾರಿಗಳ ಕೈಕೆಳಗೇ ಸಾಕಿ, ಯುದ್ಧ ಬಂದಾಗ ಚಕ್ರಾಧಿಪತ್ಯಕ್ಕೆ ಒದಗಿಸುತ್ತಿದ್ದ ಪಡೆಗಳಲ್ಲಿ ಈತನದೂ ಒಂದು.

ಮಹಾಯುದ್ಧಗಳು: ಮೊದಲನೆಯ ಮಹಾಯುದ್ಧದಲ್ಲಿ ಈ ಲ್ಯಾನ್ಸರ್ ದಳವು ಮೈಸೂರು, ಜೋಧಪುರಗಳ ದಳಗಳೊಡನೆ 15ನೆಯ ಅಶ್ವಬ್ರಿಗೇಡಿನಲ್ಲಿದ್ದು ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಕಾದಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕೀರ್ತಿ ಮಾತ್ರ ಜೋಧಪುರ, ಮೈಸೂರು ದಳಗಳಿಗೆ ಸಲ್ಲತಕ್ಕದ್ದು. ಆದರೂ ಬ್ರಿಗೇಡಿನ ಸ್ಮರಣೆಗಾಗಿ ದೆಹಲಿಯಲ್ಲಿ ನಿಲ್ಲಿಸಿದ ತೀನ್ ಮೂರ್ತಿ ಸ್ಮಾರಕದ ಮೂರು ಕಂಚಿನ ಯೋಧರಲ್ಲಿ ಒಬ್ಬನು ಹೈದರಾಬಾದಿನವನು. ಎರಡನೆಯ ಯುದ್ಧದಲ್ಲಿ ಸಂಸ್ಥಾನದ ಪಡೆಗಳು ಮತ್ತೆ ಹೊರನಾಡಿಗೆ ಹೋದವು. 1941ರ ಡಿಸೆಂಬರಿನಲ್ಲಿ ಜಪಾನೀಯರು ಮಲಯದ ಕೋತಾ ಬಾರು ತೀರದಲ್ಲಿ ಇಳಿದಾಗ ಅಲ್ಲಿಯ ವಿಮಾನನೆಲೆಯ ಕಾವಲಿಗಿದ್ದುದು ಹೈದರಾಬಾದಿನ ಒಂದನೆಯ ಕಾಲಾಳು ಪಡೆ.

ಶರಣಾಗತಿ: 1948ರ ಸೆಪ್ಟೆಂಬರ್ 13ರಂದು ಸ್ವತಂತ್ರ ಭಾರತವನ್ನು ಸೇರದೆ ಉಳಿದಿದ್ದ ಸಂಸ್ಥಾನವನ್ನು ಭಾರತದ ಸೇನೆ ಪ್ರವೇಶಿಸಿ, ಸೊಲ್ಲಾಪುರದ ಕಡೆಯಿಂದ ನಳದುರ್ಗದ ಮಾರ್ಗವಾಗಿ ಮುನ್ನಡೆಯಿತು. 17ರಂದು ನಿಜಾಮನು ಕದನವಿರಾಮ ಘೋಷಿಸಿದನು. ಮರುದಿನ ಎದ್ರೂಸನು ಸಿಕಂದರಾಬಾದಿನಲ್ಲಿ ಮೇಜರ್ ಜನರಲ್ ಜೆ. ಎನ್. ಚೌಧುರಿಯವರಿಗೆ ತನ್ನ ಸೈನ್ಯವನ್ನು ಒಪ್ಪಿಸಿದನು. ಆ ಘಳಿಗೆಯ ಛಾಯಾಚಿತ್ರದಲ್ಲಿ ಸಮಾನ ಪದವಿಯ ಇಬ್ಬರು ಸೇನಾನಿಗಳು ಸಮವಸ್ತ್ರದಲ್ಲಿ ಎದುರುಬದುರಾಗಿ ನಿಂತಿದ್ದಾರೆ. ಕಲಬುರ್ಗಿ, ರಾಯಚೂರು, ಬೀದರ್ ಜಿಲ್ಲೆಗಳ ಕನ್ನಡಿಗರಿಗೆ ಕದನವಿರಾಮದ ಆ 17ನೆಯ ತಾರೀಖು ಬಿಡುಗಡೆಯ ದಿನ. ಸೋಲು ನಿಶ್ಚಿತವಾದ ಮೇಲೆ ರಾಜಧಾನಿಯನ್ನು ರಣಭೂಮಿಯಾಗಗೊಡದೆ ಸೈನ್ಯವನ್ನು ಶಿಸ್ತಿನಿಂದ ಒಪ್ಪಿಸಿದ್ದು, ಪ್ರಾಯಶಃ, ಈತನ ಸೇವಾಜೀವನದ ಅತ್ಯಂತ ಮಹತ್ತ್ವದ ಕಾರ್ಯ.

ಎದ್ರೂಸನು ಬೆಂಗಳೂರಿನಲ್ಲಿ ನಿಧನನಾದನು. ಈತನ ಆತ್ಮವೃತ್ತಾಂತವಾದ ‘ಹೈದರಾಬಾದ್ ಆಫ್ ದಿ ಸೆವೆನ್ ಲೋವ್ಸ್’ 1994ರಲ್ಲಿ ಪ್ರಕಟವಾಯಿತು.